ಕಾರಿನ ಗಾಳಿ ನಿಂತ ಮಧ್ಯಾಹ್ನ

ನಮ್ಮ ಮನೆಯವರಿಗೆ ಕಣ್ಣಿನ ಪೊರೆ ಬಂದಿದ್ದು ನಿಧಾನವಾಗಿ. ಮೊದಲು ದೂರದ ಬಸ್ಸಿನ ಬೋರ್ಡು ಹೋಯಿತು, ಆಮೇಲೆ ಪತ್ರಿಕೆಯ ಅಕ್ಷರ, ಕೊನೆಗೆ ಅವರ ಕೆಲಸದ ತಾಮ್ರದ ತಂತಿ. ಕೊಟ್ಟೂರಿನಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದೇ ಅವರ ಕಸುಬು. ಕೂದಲೆಳೆಯಂಥ ತಂತಿ ಕಾಣದಾದ ಮೇಲೆ ಒಂದು ದಿನ ಶಟರ್ ಎಳೆದು ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು.

"ಎಲ್ಲಾ ಹಾಲಿನ್ಯಾಗ ಅದ್ದಿದಂಗ ಕಾಣತೈತಿ," ಅಂದರು. ದೂರಿನಂತೆ ಹೇಳಲಿಲ್ಲ. ಚಂದದ ಏನನ್ನೋ ನೋಡುತ್ತಿರುವವರಂತೆ ಹೇಳಿದರು.

ಕಾರು ಓಡಿಸುವುದು ನನ್ನ ಪಾಲಿಗೆ ಬಂದದ್ದು ಹಾಗೆ. ನಾನು ಪ್ರಾಥಮಿಕ ಶಾಲೆಯ ಟೀಚರು, ಐವತ್ತು ದಾಟಿದ ಮೇಲೆ ಸ್ಟೇರಿಂಗ್ ಹಿಡಿದವಳು. ನಮ್ಮದು ಹಳೆಯ ಕಾರು. ಎಸಿ ಇತ್ತು, ಆದರೆ ಆ ತಂಪನ್ನು ಒಳಗೆ ಬೀಸುವ ಫ್ಯಾನು ಕೆಲವು ವಾರಗಳಿಂದ ತನಗೆ ತಿಳಿದಂತೆ ನಡೆಯುತ್ತಿತ್ತು. ಗುಂಡಿಯನ್ನು ಸ್ವಲ್ಪ ತಿರುಗಿಸಿದರೆ ಸದ್ದೇ ಇಲ್ಲ. ಕೊನೆಯವರೆಗೆ ತಿರುಗಿಸಿದರೆ ಮಾತ್ರ ಭೋರೆಂದು ಬೀಸುತ್ತಿತ್ತು.

"ರೆಸಿಸ್ಟರ್ ಹೋಗೇತಿ," ಅಂದಿದ್ದರು ಅವರು. "ಸಣ್ಣ ಗಾಳಿಗೆ ಅದು ಬೇಕು. ಜೋರ್ ಗಾಳಿ ಅದರ ಹಂಗಿಲ್ದ ನೇರ ಬರತೈತಿ. ಸದ್ಯಕ್ಕ ಜೋರಿಗೇ ಇಟ್ಟು ಹೊಡಿ."

ಹಾಗೇ ಹೊಡೆಯುತ್ತಿದ್ದೆ. ಆ ಏಪ್ರಿಲಿನಲ್ಲಿ ಹೊಸಪೇಟೆಯಲ್ಲಿ ಅವರ ಬಲಗಣ್ಣಿನ ಆಪರೇಷನ್ ಆಯಿತು. ಬೆಳಿಗ್ಗೆ ಒಳಗೆ ಹೋದವರು ಊಟದ ಹೊತ್ತಿಗೆ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು, ಮೇಲೊಂದು ಕರಿ ಕನ್ನಡಕ ಹಾಕಿಕೊಂಡು ಹೊರಗೆ ಬಂದರು. ನರ್ಸ್ ನನಗೆ ಮಕ್ಕಳಿಗೆ ಹೇಳುವಂತೆ ಹೇಳಿದಳು: ಧೂಳು ತಾಗಬಾರದು, ಬೆವರು ಕಣ್ಣಿಗೆ ಇಳಿಯಬಾರದು, ತಲೆ ಬಗ್ಗಿಸಬಾರದು. ಪಟ್ಟಿಯನ್ನು ಮರುದಿನ ಬೆಳಿಗ್ಗೆ ನಾನೇ ಬಿಚ್ಚಿ ಹನಿ ಹಾಕಬೇಕು. ಕಾರಿನಲ್ಲಿ ಎಸಿ ಇದೆಯೋ ಎಂದು ಕೇಳಿದಳು. ಇದೆ ಅಂದೆ.

ಕಿಟಕಿಗಳನ್ನೆಲ್ಲ ಏರಿಸಿ ಹೊರಟೆವು. ದಾರಿಯಲ್ಲಿ ಒಂದು ಕಡೆ ಡ್ಯಾಮಿನ ಹಿನ್ನೀರು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ಎಲ್ಲಿ ನೀರು ಮುಗಿದು ಎಲ್ಲಿ ಬರಿ ಬಿಸಿಲು ಶುರುವಾಗುತ್ತದೆ ಅನ್ನುವುದು ನನಗೂ ತಿಳಿಯಲಿಲ್ಲ. ಅವರು ಮಾತ್ರೆಯ ಮಂಪರಿನಲ್ಲಿದ್ದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಹಾಲಿನ ಪರದೆ. ಆದರೂ ಟೈರಿನ ಸದ್ದಿನಿಂದಲೇ ದಾರಿ ಗುರುತಿಸುತ್ತ, "ಈಗ ಸೇತುವಿ ಬಂತು... ಈಗ ಹೊಸಾ ಡಾಂಬರು," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಫ್ಯಾನಿನ ಭೋರ್ಗರೆತದಲ್ಲಿ ಅವರ ದನಿ ಬೇರೆ ಕೋಣೆಯಿಂದ ಬಂದಂತೆ ಕೇಳುತ್ತಿತ್ತು.

ಹಗರಿಬೊಮ್ಮನಹಳ್ಳಿ ದಾಟಿದ ಸ್ವಲ್ಪ ಹೊತ್ತಿಗೆ ಆ ಸದ್ದು ಇಳಿಯತೊಡಗಿತು. ಗಾಳಿ ಮೆತ್ತಗಾಯಿತು. ಏನೋ ಸೀದ ವಾಸನೆ ತೇಲಿ ಬಂತು. ಆಮೇಲೆ ಪೂರ್ತಿ ನಿಶ್ಶಬ್ದ.

"ಎಸಿ ಬಂದ್ ಮಾಡು," ಅಂದರು ಅವರು, ತಟ್ಟನೆ ಎಚ್ಚರಾಗಿ.

ಬಂದ್ ಮಾಡಿದೆ. ಕ್ಷಣದಲ್ಲಿ ಕಾರು ಕಾದ ಬೋಗುಣಿಯಾಯಿತು. ಕಿಟಕಿ ಇಳಿಸಿದೆ, ಎದುರಿಗೆ ಬಂದ ಟ್ರ್ಯಾಕ್ಟರು ಕೆಂಪು ಧೂಳೆಬ್ಬಿಸಿಕೊಂಡು ಹೋಯಿತು, ಮತ್ತೆ ಏರಿಸಿದೆ. ಅವರ ಹಣೆಯ ಬೆವರು ಹುಬ್ಬಿನತ್ತ ಇಳಿಯುತ್ತಿತ್ತು. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಸೆರಗಿನಿಂದ ಅದನ್ನು ಒರೆಸಿದೆ. ಹೀಗೆ ಒರೆಸುತ್ತ ಕೊಟ್ಟೂರು ಮುಟ್ಟಲಾಗದು ಎಂದು ಗೊತ್ತಾಗಿ, ರಸ್ತೆ ಬದಿಯ ದೊಡ್ಡ ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿದೆ.

ಆ ನೆರಳಿನಲ್ಲಿ ಆಗಲೇ ಒಂದು ಕುರಿಹಿಂಡು ಮಲಗಿತ್ತು. ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆಯಿಟ್ಟು ಉಸಿರಾಡುತ್ತಿದ್ದವು; ಇಡೀ ನೆರಳೇ ಉಸಿರಾಡಿದಂತೆ ಕಾಣುತ್ತಿತ್ತು. ಕುರಿ ಕಾಯುವಾಕೆ ನನ್ನ ವಯಸ್ಸಿನ ಹೆಂಗಸು. ಕಂಬಳಿ ಹಾಸಿಕೊಂಡು ಬೇರಿಗೆ ಒರಗಿದ್ದಳು. ನಮ್ಮನ್ನು ಕಂಡು ಎದ್ದು ಕುಳಿತಳು.

"ಗಾಡಿ ಕೆಟ್ಟೈತೇನ್ರಿ?"

"ಗಾಡಿ ಚಲೋ ಐತವ್ವ. ಗಾಳಿ ಬೀಸೋದು ಕೆಟ್ಟೈತಿ," ಅಂದೆ.

ಅವಳು ದೂರದ ಗುಡ್ಡದ ಕಡೆ ಕೈ ತೋರಿಸಿದಳು. ಅಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳು ನಿದ್ದೆಯಲ್ಲಿ ಕೈ ಬೀಸುವಂತೆ ತಿರುಗುತ್ತಿದ್ದವು. "ಅಷ್ಟ್ ದೊಡ್ಡ ಫ್ಯಾನ್ ತಿರಗಾಕತ್ತಾವ, ನಿಮ್ಮದೊಂದ್ ಸಣ್ಣದು ತಿರಗವಲ್ದೇನು?" ಎಂದು ನಕ್ಕಳು. ಅವರೂ ನಕ್ಕರು. ಅವರು ನಕ್ಕು ಎಷ್ಟೋ ತಿಂಗಳಾಗಿತ್ತು.

ಅವಳು ಕಂಬಳಿಯನ್ನು ಕೊಡವದೆ, ಧೂಳೇಳದಂತೆ ಎಳೆದು ಜಾಗ ಮಾಡಿ ಅವರಿಗೆ ಕೂರಲು ಹೇಳಿದಳು. ಅವರು ಮಾತ್ರ ಕೂರಲೊಲ್ಲರು. ಕಾರಿನ ಎಡ ಬಾಗಿಲ ಹತ್ತಿರ ಬಂದು, "ಡಬ್ಬಿ ತಗಿ, ಅದರ ಹಿಂದ ಮೋಟರ್ ಇರತೈತಿ. ನಾ ನೋಡತೀನಿ," ಎಂದು ಬಗ್ಗಲು ಹೋದರು. ನಾನು ಅವರ ಭುಜ ಹಿಡಿದು ನೆಟ್ಟಗೆ ನಿಲ್ಲಿಸಿದೆ.

"ಬಗ್ಗಬ್ಯಾಡ ಅಂದಾರ. ನೀವು ಹೇಳ್ರಿ, ನಾ ಮಾಡ್ತೀನಿ."

ಅವರು ಬಾಗಿಲಿಗೆ ಒರಗಿ, ಗಲ್ಲ ಮೇಲೆತ್ತಿ, ಹುಣಸೆ ಕೊಂಬೆಗಳತ್ತ ಮುಖ ಮಾಡಿ ನಿಂತರು. ನಾನು ಮೊದಲು ಫ್ಯೂಸ್ ತೆಗೆದು ಬೆಳಕಿಗೆ ಹಿಡಿದೆ. ಒಳಗಿನ ತಂತಿ ಇಡಿಯಾಗಿತ್ತು. ಆಮೇಲೆ ಡಿಕ್ಕಿಯಲ್ಲಿದ್ದ ಸ್ಕ್ರೂಡ್ರೈವರ್ ತಂದು, ಸೀಟಿನ ಮುಂದೆ ಸಣ್ಣ ಸಾಮಾನು ಇಡುವ ಡಬ್ಬಿಯನ್ನು ಕಳಚಿ ಕೆಳಗಿಟ್ಟೆ. ಅದರ ಹಿಂದೆ ಕತ್ತಲಿನಲ್ಲಿ ದುಂಡನೆಯ ಕಪ್ಪು ಮೋಟರಿತ್ತು. ಕೀಲಿ ತಿರುಗಿಸಿ, ಫ್ಯಾನಿನ ಗುಂಡಿಯನ್ನು ಜೋರಿಗಿಟ್ಟು, ಕಾಲಿಡುವ ಜಾಗದಲ್ಲಿ ನಾನು ಅಂಗಾತ ಮಲಗಿ ಒಳಗೆ ತಲೆ ತೂರಿದೆ. ಸೀರೆಯುಟ್ಟು ಕಾರಿನೊಳಗೆ ತಲೆಕೆಳಗಾಗಿ ಮಲಗಿದ ಟೀಚರನ್ನು ನೋಡಿ ಕುರಿಯೊಂದು ಬೆಚ್ಚಿ ಎದ್ದಿತು.

"ಸ್ಕ್ರೂಡ್ರೈವರ್ ಹಿಡಿಕಿಯಿಂದ ಮೋಟರಿಗೆ ಮೆಲ್ಲಕ ತಟ್ಟು," ಮೇಲಿನಿಂದ ಅವರ ದನಿ ಬಂತು.

ತಟ್ಟಿದೆ. ಏನೂ ಆಗಲಿಲ್ಲ.

"ಈಗ ಪ್ಲಗ್ ಬಿಚ್ಚು. ಅದಕ್ಕ ಲೈಟ್ ಹಚ್ಚಿ ನೋಡು."

ಎರಡು ತಂತಿ ಕಟ್ಟಿದ ಸಣ್ಣ ಬಲ್ಬೊಂದು ಸದಾ ಅವರ ಜೇಬಿನಲ್ಲಿರುತ್ತಿತ್ತು. ಅಂಗಡಿ ಮುಚ್ಚಿದ ಮೇಲೂ ಇರುತ್ತಿತ್ತು. ಪ್ಲಗ್ಗಿಗೆ ಅದನ್ನು ಮುಟ್ಟಿಸಿದಾಗ ಆ ಕತ್ತಲಿನಲ್ಲಿ ಮಿಣುಕು ಹಳದಿ ಬೆಳಕು ಹತ್ತಿತು.

"ಹತ್ತಾಕತ್ತೈತ್ರಿ!"

 "ಹಂಗಾರ ಕರೆಂಟ್ ಬರಾಕತ್ತೈತಿ. ಮೋಟರ್ ಸತ್ತೈತಿ. ಬಿಡು, ಏಳು. ಇಲ್ಲಿ ಆಗೂ ಕೆಲಸ ಅಲ್ಲ," ಅಂದರು.

ಅಂಗಡಿ ಮುಚ್ಚಿ ಬಂದ ದಿನದ ದನಿಯೇ ಅದು. ನನಗೆ ಏಳಲು ಮನಸ್ಸಾಗಲಿಲ್ಲ. ಬೆವರು ಕಿವಿಯೊಳಗೆ ಇಳಿಯುತ್ತಿತ್ತು. ಕೈಯಲ್ಲಿದ್ದ ಪ್ಲಗ್ಗನ್ನು ಬೆಳಕಿಗೆ ತಿರುಗಿಸಿದೆ. ಅದರ ಒಂದು ಬದಿ ಕಂದಾಗಿ, ಕಾಯಿಸಿದ ಬೆಲ್ಲದಂತೆ ಸ್ವಲ್ಪ ಕರಗಿತ್ತು.

"ಪ್ಲಗ್ ಸುಟ್ಟೈತ್ರಿ. ಮೋಟರೂ ಬಿಚ್ಚತೀನಿ, ಒಂದ್ಸಲ ಕೈಯಾಗ ಹಿಡದು ಹೇಳ್ರಿ."

ಸ್ಕ್ರೂಗಳನ್ನು ಬಿಚ್ಚಿದೆ. ಮೋಟರು ಫ್ಯಾನಿನ ಚಕ್ರದೊಂದಿಗೆ ನನ್ನ ಎದೆಯ ಮೇಲೆ ಬಿತ್ತು. ಹೊರಗೆ ತಂದು ಅವರ ಕೈಗಿಡುವ ಮೊದಲೇ ನನಗೆ ಕಂಡದ್ದು ಚಕ್ರದ ತುಂಬ ಅಂಟಿ ಕುಳಿತ ಬೇವಿನ ಹೂವು. ನಮ್ಮ ಮನೆಯ ಮುಂದಿನ ಬೇವಿನ ಕೆಳಗೇ ಕಾರು ನಿಲ್ಲಿಸುವುದು. ಮುಂದಿನ ಗಾಜಿನ ಬುಡದ ಸಂದಿನಿಂದ ಇಳಿದ ಹೂವು, ಎಲೆ, ಕಡ್ಡಿ ಎಲ್ಲ ಆ ಚಕ್ರದಲ್ಲಿ ಗುಬ್ಬಿಗೂಡಿನಂತೆ ಹೆಣೆದುಕೊಂಡಿದ್ದವು. ಹಳೆಯವು ಕಂದು, ಹೊಸವು ಇನ್ನೂ ತಿಳಿಹಳದಿ.

ಅವರು ಮೋಟರನ್ನು ಮೂಗಿಗೆ ಹಿಡಿದರು. ಕಣ್ಣು ಮುಚ್ಚಿಕೊಂಡಿದ್ದರೋ ಏನೋ, ಕರಿ ಕನ್ನಡಕದ ಹಿಂದೆ ಕಾಣಲಿಲ್ಲ. ಬಹಳ ಹೊತ್ತು ಮೂಸಿದರು. ಅವರ ಮುಖ ಸಡಿಲವಾಯಿತು.

"ಒಳಗ ಸುಟ್ಟಿಲ್ಲ ಲೇ. ಸುಟ್ಟ ವಾರ್ನಿಷ್ ವಾಸನಿ ನನಗ ಗೊತ್ತಿಲ್ಲೇನು? ಇದರಾಗ ಬರೇ ಬೇವಿನ ವಾಸನಿ ಐತಿ. ಕಸ ಸಿಕ್ಕು ತಿರಗಾಕ ತ್ರಾಸಾಗಿ ಕರೆಂಟ್ ಜಾಸ್ತಿ ಎಳದೈತಿ. ಪ್ಲಗ್ ಕಾದು ಸಡ್ಲಾಗೇತಿ, ಬಲ್ಬಿಗೆ ಸಾಕಾಗೋ ಕರೆಂಟ್ ಮೋಟರಿಗೆ ಸಾಲವಲ್ದು. ಮೋಟರ್ ಜೀವಂತ ಐತಿ."

ಧೂಳು ಅವರ ಕಡೆ ಬಾರದಂತೆ ನಾನೂ ಕುರಿಯಾಕೆಯೂ ಚಕ್ರವನ್ನು ಮೋಟರಿನ ಸಮೇತ ಹೊಲದ ಬದುವಿಗೆ ಒಯ್ದೆವು. ಅವಳು ತನ್ನ ತಲೆಯ ಹೇರ್‌ಪಿನ್ ತೆಗೆದು ಒಂದೊಂದೇ ಸಂದಿನಿಂದ ಹೂವನ್ನು ಕೆದಕಿ ತೆಗೆದಳು. ತಂಬ್ರಹಳ್ಳಿ ಕಡೆಯವಳಂತೆ, ಬೆಳೆ ತೆಗೆದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ ಹೋಗುತ್ತಿದ್ದಾಳಂತೆ. "ನಿಮ್ಮ ಯಜಮಾನ್ರು ಕಾಣದಿದ್ರೂ ಎಲ್ಲಾ ನೋಡತಾರ ನೋಡ್ರಿ," ಅಂದಳು. "ನಾಳಿಂದ ಕಾಣತೈತವ್ವ," ಅಂದೆ. ಆಪರೇಷನ್ ಹೇಗಾಗಿದೆಯೋ ನನಗಿನ್ನೂ ಗೊತ್ತಿರಲಿಲ್ಲ.

ವಾಪಸು ಬಂದಾಗ ಅವರು ಬಗ್ಗದೆ ಸೀಟಿನಲ್ಲಿ ಕುಳಿತು, ತಂತಿಯ ಸಮೇತ ಎಳೆದುಕೊಂಡ ಪ್ಲಗ್ಗಿನ ಪಿನ್ನುಗಳನ್ನು ಬೆರಳಿನಿಂದಲೇ ಗುರುತಿಸುತ್ತ, ಕಾರಿನ ಕೀಲಿಯಿಂದ ಕೆರೆಯುತ್ತಿದ್ದರು. ಸಡಿಲವಾಗಿದ್ದ ಪಿನ್ನನ್ನು ಕೀಲಿಯಿಂದಲೇ ಒತ್ತಿ ಬಿಗಿ ಮಾಡಿದರು. ನಾನು ಮತ್ತೆ ಅಂಗಾತ ಮಲಗಿ ಮೋಟರು ಕೂರಿಸಿದೆ. ಅವರನ್ನು ಕಂಬಳಿಯ ಮೇಲೆ ಕೂರಿಸಿ, ಬಾಗಿಲು ಹಾಕಿಕೊಂಡು ಒಬ್ಬಳೇ ಗುಂಡಿ ತಿರುಗಿಸಿದೆ.

ಫ್ಯಾನು ಒಮ್ಮೆ ನಡುಗಿತು. ಆಮೇಲೆ ಎಲ್ಲ ಕಿಂಡಿಗಳಿಂದಲೂ ಬೇವಿನ ಹೂವಿನ ಪುಡಿ ನನ್ನ ಮೇಲೆ ಹಾರಿಬಂತು. ಎಷ್ಟು ತಿಂಗಳಿಂದ ಒಳಗಿತ್ತೋ! ಬಿಸಿಲಿನ ಕೋಲುಗಳಲ್ಲಿ ಅದು ಹೊಳೆಯುತ್ತ, ಇಳಿಯದೆ ಸುಮ್ಮನೆ ತೇಲುತ್ತಿತ್ತು. ತುಟಿಯ ಮೇಲೆ ಕಹಿ, ಮೂಗಿನಲ್ಲಿ ತೆಳ್ಳನೆಯ ಪರಿಮಳ. ಗಾಜಿನಾಚೆ ಕುರಿಗಳು, ಕರಿ ಕನ್ನಡಕದ ಅವರು, ಬಾಯಿಗೆ ಸೆರಗು ಹಿಡಿದು ನಗುತ್ತಿರುವ ಆಕೆ. ಎಲ್ಲರೂ ಆ ಹಳದಿ ಮಂಜಿನ ಆಚೆ ಇದ್ದರು. ನಾನು ಏಳಲಿಲ್ಲ. ಗಾಳಿ ತಿಳಿಯಾಗುವವರೆಗೆ ಹಾಗೇ ಕುಳಿತಿದ್ದೆ.

ಆಮೇಲೆ ಒದ್ದೆ ಬಟ್ಟೆಯಲ್ಲಿ ಸೀಟು ಒರೆಸಿ ಅವರನ್ನು ಕೂರಿಸಿಕೊಂಡೆ. ಕುರಿಯಾಕೆ ಕಿಟಕಿಯ ಬಳಿ ಬಂದು ಕಿಂಡಿಯ ಮುಂದೆ ಅಂಗೈ ಹಿಡಿದು ನೋಡಿದಳು. "ಯವ್ವಾ, ತಣ್ಣಗೈತಿ!" ಎಂದು ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತು ಕೂತು ಹೋಗು ಅಂದೆ. ಕುರಿ ಎದ್ದಾವ ಅಂದಳು. ನಿಜಕ್ಕೂ ಎದ್ದಿದ್ದವು.

ಜೋರಾಗಿ ಇಟ್ಟರೆ ಪ್ಲಗ್ ಮತ್ತೆ ಕಾಯುತ್ತದೆಂಬ ಭಯದಿಂದ ಆಗಾಗ ಫ್ಯಾನು ನಿಲ್ಲಿಸಿ, ಮತ್ತೆ ಹಾಕುತ್ತ ನಿಧಾನವಾಗಿ ಓಡಿಸಿದೆ. ಅವರು ತಲೆ ಹಿಂದಕ್ಕೆ ಚೆಲ್ಲಿ ನಿದ್ದೆ ಹೋದರು. ನಾನು ಓಡಿಸುವಾಗ ಅವರು ನಿದ್ದೆ ಮಾಡಿದ್ದು ಅದೇ ಮೊದಲು. ಕೊಟ್ಟೂರಿನ ರೈಲ್ವೆ ಗೇಟು ಹಾಕಿತ್ತು. ರೈಲು ಹಾದುಹೋಗುವವರೆಗೆ ಕಾದೆ. ಅವರಿಗೆ ಎಚ್ಚರವಾಗಲಿಲ್ಲ. ಸಂಜೆ ಮನೆ ಮುಟ್ಟಿ ಎದ್ದ ಮೇಲೆ ಹೇಳಿದರು: ಕನಸಿನಲ್ಲಿ ಅಂಗಡಿಯ ಮೋಟರುಗಳೆಲ್ಲ ತಮ್ಮಷ್ಟಕ್ಕೆ ಸಣ್ಣಗೆ ತಿರುಗುತ್ತಿದ್ದವಂತೆ, ಯಾವುದಕ್ಕೂ ತಂತಿಯೇ ಇರಲಿಲ್ಲವಂತೆ.

ಮರುದಿನ ಬೆಳಿಗ್ಗೆ ಕೈ ತೊಳೆದುಕೊಂಡು ಪಟ್ಟಿ ಬಿಚ್ಚಿದೆ. ಕಣ್ಣು ಕೆಂಪಗಿತ್ತು, ನೀರು ಸುರಿಯುತ್ತಿತ್ತು. ರೆಪ್ಪೆ ಬಡಿದು ಬಡಿದು ಅವರು ಮೊದಲು ಗೋಡೆ ನೋಡಿದರು, ಆಮೇಲೆ ಬಾಗಿಲಾಚೆಯ ಆಕಾಶ. ಆಕಾಶ ಇಷ್ಟು ನೀಲಿ ಇತ್ತೇ ಎಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಹನಿಯ ಬಾಟಲಿ ಹಿಡಿದು ಬಗ್ಗಿದ್ದ ನನ್ನನ್ನು ಬಹಳ ಹೊತ್ತು, ಹೊಸಬಳನ್ನು ನೋಡುವಂತೆ ನೋಡಿದರು.

"ನಿನ್ನ ಕೂದ್ಲ ಯಾವಾಗ ಬೆಳ್ಳಗಾದ್ವು?"

"ನೀವು ನೋಡದಾಗ," ಅಂದೆ.

"ಚಲೋ ಕಾಣತಾವ," ಅಂದರು.

ನಾನು ನಗುತ್ತ ಅವರ ಗಲ್ಲ ಹಿಡಿದೆತ್ತಿ ಹನಿ ಹಾಕಿದೆ.