ಕಡಲಹಕ್ಕಿಗಳು ಎದ್ದ ಹೊತ್ತು

ಸತ್ತವರು ಬಂದರು, ಕರೆದರು ಎಂಬ ಮಾತು ಕೇಳಿದಾಗಲೆಲ್ಲ ನಾನು ನಕ್ಕವಳು. ಹಾಗೆ ಹೇಳುವವರಿಗೆ ಮೊದಲು ಹೊಟ್ಟೆ ತುಂಬ ಊಟ ಹಾಕಿ, ಕಣ್ತುಂಬ ನಿದ್ದೆ ಮಾಡಿಸಿ ಎನ್ನುತ್ತಿದ್ದೆ. ಈಗ ಹಾಗೆನ್ನುವ ಧೈರ್ಯ ನನಗಿಲ್ಲ. ನೀವು ನಂಬಲೇಬೇಕೆಂದೇನೂ ಇಲ್ಲ.

ನನ್ನ ತವರು ಕಬನೂರಿನ ಮಗ್ಗದ ಮನೆ. ವಿದ್ಯುತ್ ಮಗ್ಗಗಳ ಪಕ್ಕ ಕೂತು ನೂಲು ಸುತ್ತುತ್ತಲೇ ಅವ್ವನ ಕಿವಿ ಹೋಯಿತು. ಆ ಗದ್ದಲದಲ್ಲಿ ಮಾತು ನಡೆಯುವುದಿಲ್ಲ. ನಮ್ಮಿಬ್ಬರನ್ನೂ ಊಟಕ್ಕೆ ಕರೆಯಲು ಅಣ್ಣ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯುತ್ತಿದ್ದ, ಒಂದು ಉದ್ದ, ಒಂದು ಗಿಡ್ಡ. ಬರಬರುತ್ತ ಅವ್ವನಿಗೆ ಅದೂ ಕೇಳದಾಯಿತು. ಆಮೇಲೆ ಅವಳ ಹೆಗಲು ಮುಟ್ಟಿ ಕರೆಯತೊಡಗಿದ.

ಅವ್ವನಿಗೆ ಸಮುದ್ರ ತೋರಿಸುತ್ತೇನೆಂದು ಹೇಳುತ್ತಲೇ ಇದ್ದ ಅಣ್ಣ ಎದೆನೋವು ಬಂದು ಒಂದೇ ದಿನದಲ್ಲಿ ಹೋಗಿಬಿಟ್ಟ. ಅವ್ವ ಅಳಲಿಲ್ಲ. ಊಟ ಬಿಟ್ಟಳು, ಮಾತು ಬಿಟ್ಟಳು. ಹೀಗೇ ಬಿಟ್ಟರೆ ಇವಳೂ ದಕ್ಕುವುದಿಲ್ಲ ಎಂದು ಹೆದರಿ, ನಾನು ಗಂಡನ ಊರು ಗಡಹಿಂಗ್ಲಜದಿಂದ ಹೋಗಿ, ಅವಳನ್ನು ಆಂಬೋಲಿ ಘಾಟ ಇಳಿಸಿ ಕಡಲ ದಂಡೆಯ ವೆಂಗುರ್ಲಾಕ್ಕೆ ಕರೆದೊಯ್ದೆ.

ಸಂಜೆ ದಂಡೆಯ ಮೇಲೆ ಬೇರೆ ಯಾರೂ ಇರಲಿಲ್ಲ. ನೂರಾರು ಬಿಳಿ ಕಡಲಹಕ್ಕಿಗಳು ಗಾಳಿಗೆ ಮುಖ ಮಾಡಿ ಉಸುಕಿನಲ್ಲಿ ನಿಂತಿದ್ದವು. ನಮ್ಮನ್ನು ಕಂಡೂ ಅವು ಕದಲಿರಲಿಲ್ಲ. ಅವ್ವ ಅವನ್ನೇ ನೋಡುತ್ತ ಮುಂದೆ ನಡೆದಿದ್ದಳು, ನಾನು ಹಿಂದೆ. ಒಮ್ಮೆಲೇ ಅಷ್ಟೂ ಹಕ್ಕಿಗಳು ಬೆಚ್ಚಿ ಮೇಲೆದ್ದವು. ಅದೇ ಗಳಿಗೆಗೆ ಅವ್ವ ಗಕ್ಕನೆ ನಿಂತು, ಹಿಂದೆ ತಿರುಗಿ, ನನ್ನ ಹೆಗಲಾಚೆ ನೋಡಿದಳು.

"ಬಂದೆ, ತಡಿಯೋ," ಎಂದಳು.

ತಿರುಗಿ ನೋಡಿದೆ. ಬರೀ ಉಸುಕು, ನಮ್ಮಿಬ್ಬರ ಹೆಜ್ಜೆಗಳು. ನಾಯಿಯಿಲ್ಲ, ಗಿಡುಗವಿಲ್ಲ. ಯಾರೆಂದು ಕೈಸನ್ನೆಯಲ್ಲಿ ಕೇಳಿದೆ.

"ನಿಮ್ಮಣ್ಣ ಸೀಟಿ ಹೊಡದಾ. ಉಣ್ಣಾಕ ಕರ್ಯಾಕತ್ತಾನ. ನಿನಗ ಕೇಳಲಿಲ್ಲೇನ?"

ಹೇಳುತ್ತಲೇ ಉಸುಕಿನ ಮೇಲೆ ಕುಸಿದು, ಅವನು ಹೋದ ಮೇಲೆ ಮೊದಲ ಸಲ ಅತ್ತಳು. ರಾತ್ರಿ ಊಟಕ್ಕೆ ಹೋದಾಗ ಖಾನಾವಳಿಯವಳು "ಆಜೀ, ಅಜೂನ ಘ್ಯಾ" ಎಂದು ಮರಾಠಿಯಲ್ಲಿ ಇನ್ನಷ್ಟು ಉಣ್ಣಲು ಒತ್ತಾಯಿಸುತ್ತ ಬಡಿಸಿದಂತೆ ಬಡಿಸಿದಂತೆ ಅವ್ವ ಉಂಡಳು.

ಅವ್ವ ಈಗ ಉಣ್ಣುತ್ತಾಳೆ, ಮಾತಾಡುತ್ತಾಳೆ. ಮಗನ ದುಃಖದಲ್ಲಿ ಏನೋ ಕೇಳಿದಂತಾಗಿರಬೇಕು ಎನ್ನುತ್ತಾರೆ ನನ್ನ ಗಂಡ. ಇರಬಹುದು. ಆದರೆ ಹಕ್ಕಿಗಳಿಗೆ ಯಾವ ಮಗನ ದುಃಖವಿತ್ತು? ನನಗೆ ತಿಳಿಯದು. ಊಟದ ಹೊತ್ತಿಗೆ ಇಂದಿಗೂ ಕೈ ನಿಲ್ಲಿಸಿ ಆಲಿಸುತ್ತೇನೆ. ಆ ಸೀಟಿಗೆ ಅವ್ವನಿಗಿಂತ ಮೊದಲು ಓಡಿಬರುತ್ತಿದ್ದವಳು ನಾನು. ಅಂದು ಕಿವುಡಿಗೆ ಕೇಳಿತು, ಹಕ್ಕಿಗಳಿಗೆ ಕೇಳಿತು, ನನಗೆ ಕೇಳಲಿಲ್ಲ.