ಗಂಗವ್ವನ ಜಾಗದಲ್ಲಿ ಬ್ಯಾಟರಿ

ನನ್ನ ಮೈದುನ ಶಹಾಬಾದಿನಲ್ಲಿ ಕಲ್ಲು ತಿಕ್ಕುವ ಕೆಲಸ ಮಾಡಿ, ಎದೆಯೊಳಗೆ ಧೂಳು ತುಂಬಿಕೊಂಡು ಸತ್ತ. ನನ್ನ ಗಂಡನನ್ನು ಆ ಕಡೆ ಹೋಗಗೊಡಬಾರದು ಎನ್ನುವುದೊಂದೇ ಆಮೇಲೆ ನನ್ನ ಹಟ. ಕಾಗಿಣಾ ಹೊಳೆಯಲ್ಲಿ ಜನರನ್ನು ದಾಟಿಸುವ ನಮ್ಮದೊಂದು ದೋಣಿ ಇತ್ತು. ಅದಿರುವ ತನಕ ಅವರು ನನ್ನವರು ಎಂದುಕೊಂಡಿದ್ದೆ.

ಮಳೆಗಾಲದಲ್ಲಿ ಹೊಳೆ ಅಗಲವಾದರೆ, ಸಿಮೆಂಟಿನ ಗೋಣಿಚೀಲ ಬಿಚ್ಚಿ ಹೊಲಿದ ಹಾಯಿ ಕಟ್ಟುತ್ತಿದ್ದರು. ನೋಡಿ ನಕ್ಕವರೇ ಮೊದಲು ಹತ್ತಿ ಕುಳಿತರು. ಪಾಳಿ ಮುಗಿಸಿ ಬರುವವರಿಗೆ ಸಂಜೆಯಾಗುತ್ತಿತ್ತು, ಕಂದೀಲು ಗಾಳಿಗೆ ನಿಲ್ಲುತ್ತಿರಲಿಲ್ಲ. ಹೀಗಾಗಿ ಲಾರಿಯ ಹಳೆಯ ಬ್ಯಾಟರಿಯೊಂದನ್ನೂ ಒಂದು ಬಲ್ಬನ್ನೂ ತಂದರು.

ಇಡುವುದೆಲ್ಲಿ? ನಡುವೆ ಇಟ್ಟರೆ ಜನರ ಕಾಲು, ಆಡುಗಳ ಕಾಲು. ಹಿಂದೆ ಇಟ್ಟರೆ ಹುಟ್ಟು ಹಾಕಲು ಅಡ್ಡಿ. ಹೊಸ ಅಳಿಯನಿಗೂ ಅಷ್ಟು ಜಾಗ ಹುಡುಕಿರಲಿಕ್ಕಿಲ್ಲ.

ಕೊನೆಗೆ ಅತ್ತೆಯೇ ಹೇಳಿದರು: "ಗಂಗವ್ವನ ಜಾಗಾದಾಗ ಇಡಪಾ. ಅಲ್ಲಿ ಯಾರೂ ಕಾಲ ಇಡಂಗಿಲ್ಲ."

ದೋಣಿಯ ತುದಿಯಲ್ಲಿ ಹೊಳೆತಾಯಿಯ ಹೆಸರಲ್ಲಿ ಕುಂಕುಮ ಹಚ್ಚುವ ಮೂಲೆ ಅದು. ಅಲ್ಲಿ ಕಾಲಿಡುವುದಿರಲಿ, ಕಸಬರಿಗೆ ಕೂಡ ಆಡಿಸುತ್ತಿರಲಿಲ್ಲ. ಬ್ಯಾಟರಿಯನ್ನು ತಾಡಪತ್ರಿಯಲ್ಲಿ ಸುತ್ತಿಟ್ಟು, ಅದಕ್ಕೂ ಕುಂಕುಮ ಹಚ್ಚಿದೆವು. ನೀರು ತಾಗದಂತೆ ಅದನ್ನು ಕಾಯುವುದೇ ನಮ್ಮ ಚಿಂತೆಯಾಗಿತ್ತು.

ಹಾಯಿಗೆ ಗಾಳಿ ತುಂಬಿ ದೋಣಿ ವಾಲಿದಾಗಲೆಲ್ಲ ಒಳಗಿನ ಆಸಿಡ್ ಹನಿ ಹನಿ ಚೆಲ್ಲಿ, ಕೆಳಗಿನ ಮೊಳೆಗಳನ್ನು ತಿನ್ನುತ್ತಿತ್ತು. ಆ ಮೂಲೆಯಲ್ಲಿ ಇಣುಕಿ ನೋಡುವವರು ಯಾರು?

ಒಂದು ಮಧ್ಯಾಹ್ನ ನಾನು ದಡದಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅವರೊಬ್ಬರೇ ಆಚೆಯಿಂದ ಬರುತ್ತಿದ್ದರು. ದಡ ಇನ್ನೇನು ಸಿಗಬೇಕು, ತುದಿಯ ಹಲಗೆ ಬಾಯಿಬಿಟ್ಟಿತು. ಎದೆಮಟ್ಟದ ನೀರಿಗೆ ಜಿಗಿದ ನನ್ನ ಗಂಡ ಮೊದಲು ಎತ್ತಿಕೊಂಡಿದ್ದು ಬ್ಯಾಟರಿಯನ್ನು!

"ಅದನ್ನ ಬಿಡ್ರೀ! ದೋಣಿ ಹಿಡೀರಿ!" ಎಂದು ಚೀರಿದೆ.

ಬ್ಯಾಟರಿಯನ್ನು ತಲೆಯ ಮೇಲೆ ಹೊತ್ತು ತಂದು, ಒಣ ಕಲ್ಲಿನ ಮೇಲೆ ಇಟ್ಟು, ಆಮೇಲೆ ತಿರುಗಿ ನೋಡಿದರು. ಅಷ್ಟರಲ್ಲಿ ದೋಣಿ ಸೆಳವಿಗೆ ಸಿಕ್ಕು ದೂರ ಹೋಗಿತ್ತು. ಮರುದಿನ ದಡಕ್ಕೆ ಬಂದ ಒಂದು ಹಲಗೆ ಕಪ್ಪಾಗಿತ್ತು, ಮೊಳೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು.

ಆ ವಾರವೇ ನನ್ನ ಗಂಡ ಕಲ್ಲು ತಿಕ್ಕಲು ಹೋದರು. ನನ್ನ ಹಟ ಯಾರಿಗೆ ಬೇಕಾಗಿತ್ತು? ತಮ್ಮನ ಹಾಗೆಯೇ ಮೈಯೆಲ್ಲ ಬಿಳಿಯಾಗಿ ಮನೆಗೆ ಬರತೊಡಗಿದರು. ದೀಪಾವಳಿಯ ಹೊತ್ತಿಗೆ ಕೆಮ್ಮು ಶುರುವಾಯಿತು. ಒಂದು ಸಂಜೆ ತಡೆಯಲಾರದೆ, "ಆ ಹಾಳ ಬ್ಯಾಟರಿ ಹೊಳಿಗೆ ಒಗೀರಿ" ಎಂದೆ.

ಅವರು ಮೂಲೆಯಲ್ಲಿದ್ದ ಬ್ಯಾಟರಿಯ ಮೇಲಿನ ಧೂಳನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು.

"ಇರ್ಲಿ ಬಿಡು," ಎಂದರು. "ಅದಕ್ಕ ಏನೂ ಆಗಿಲ್ಲ."