ಹಳದಿ ಸಾಲಿನ ಬಾಯಿ ಮುಚ್ಚಿಸಿದ ಓಡೆರ

ಒಬುರನ ಕಂಪ್ಯೂಟರ್ ಆಫೀಸಿನ ಬಾಗಿಲ ಹಿಂದೆ ಒಂದು ಮೊಳೆ ಇದೆ. ಆ ಮೊಳೆಗೆ ಮೀನುಬಲೆಯ ಬೆಂಡೊಂದು ದಾರದಲ್ಲಿ ನೇತಾಡುತ್ತದೆ. ಸರೋವರದ ದಡದ ನಮ್ಮ ಕಿಸುಮು ಪೇಟೆಯಲ್ಲಿ ಬೆಂಡು ಕಾಣದವರು ಯಾರೂ ಇಲ್ಲ. ಆದರೆ ಅದನ್ನು ಮನುಷ್ಯರ ಕುತ್ತಿಗೆಗೆ ಕಟ್ಟುವುದನ್ನು ನಾನು ಕಂಡದ್ದು ಆ ಆಫೀಸಿನಲ್ಲಿ ಮಾತ್ರ. ಅಲ್ಲಿನವರಿಗೆ ಚಹಾ ಕಾಯಿಸಿ, ಮಂದಾಜಿ ಎಂಬ ಸಿಹಿ ಬೋಂಡ ಕರಿದು ಕೊಡುವುದು ನನ್ನ ಕೆಲಸ. ಅಡುಗೆಕೋಣೆಗೂ ಅವರು ಕೂರುವ ಜಾಗಕ್ಕೂ ನಡುವೆ ಬಾಗಿಲಿಲ್ಲ.

ಓಡೆರ ಮಗಾಕ್ ಅಲ್ಲಿ ಎಲ್ಲರಿಗಿಂತ ಉದ್ದನೆಯವನು. ಬೇರೆಯವರು ನಕ್ಕ ಮೇಲೆ ತಾನು ನಗುವವನು. ಅವನ ಅಂಗಿಯ ಕಾಲರಿಗೆ ಯಾವತ್ತೂ ಇಸ್ತ್ರಿ ಇರುತ್ತಿತ್ತು. ಅದನ್ನು ಮಾಡಿಕೊಡುತ್ತಿದ್ದವಳು ಅವನ ಅತ್ತಿಗೆ ಅವಿನೊ. ಅಪ್ಪ ಸತ್ತ ಮೇಲೆ ಅವನನ್ನು ಓದಿಸಿದವನು ಅಣ್ಣ ಒಗುಟು, ಸರೋವರದಲ್ಲಿ ಬಲೆ ಎಳೆದು. ಅಣ್ಣ ಅತ್ತಿಗೆಯರ ಮನೆ ದಡದ ಮೇಲೆ, ನನ್ನ ಮನೆಯ ಪಕ್ಕದ್ದೇ. ಓಡೆರ ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರೂ ಊಟಕ್ಕೆ ಅಲ್ಲಿಗೇ ಬರುತ್ತಿದ್ದ.

ಸರೋವರದ ದಡಗಳಿಗೆ ಬಿರುಗಾಳಿಯ ಸೈರನ್ ಹಾಕುವ ಕೆಲಸ ಒಬುರನಿಗೆ ಸಿಕ್ಕಿತ್ತು. ಗಾಳಿಯ ಸುದ್ದಿ ದಡದ ಕಂಪ್ಯೂಟರಿಗೆ ಬರುತ್ತದೆ, ಕಂಪ್ಯೂಟರು ಸೈರನ್ನಿಗೆ ಹೇಳಬೇಕು. ಇವೆರಡರ ನಡುವೆ ನಿಂತು ಮಾತು ದಾಟಿಸುವ ಬರಹಕ್ಕೆ ಡ್ರೈವರ್ ಎನ್ನುತ್ತಾರೆ. ಹಳೆಯ ಕಾಲದ ಕಂಪ್ಯೂಟರಿಗೆಂದು ಯಾರೋ ಬರೆದಿದ್ದ ಡ್ರೈವರನ್ನು ಹೊಸದಕ್ಕೆ ಒಗ್ಗಿಸುವುದು ಓಡೆರನ ಪಾಲಿಗೆ ಬಂತು. ಬರೆದದ್ದನ್ನು ಕಂಪೈಲರಿಗೆ ಒಪ್ಪಿಸಿದರೆ ಅದು ಓದಿ ಯಂತ್ರದ ಭಾಷೆಗೆ ತಿರುಗಿಸುತ್ತದೆ. ತಪ್ಪಿದ್ದರೆ ಕೆಂಪು ಸಾಲು ಕಾಣಿಸಿ ಕೆಲಸ ನಿಲ್ಲುತ್ತದೆ. ಅನುಮಾನವಿದ್ದರೆ ಹಳದಿ ಸಾಲು ಕಾಣಿಸುತ್ತದೆ, ಕೆಲಸ ನಿಲ್ಲುವುದಿಲ್ಲ. ಹಳದಿಯೆಂದರೆ ಎಚ್ಚರಿಕೆ. ಕೇಳುವುದೂ ಬಿಡುವುದೂ ಬರೆದವನಿಗೆ ಸೇರಿದ್ದು.

ಒಬುರನಿಗೆ ಹಳದಿ ಕಂಡರೆ ಆಗದು. ಯಾರ ಕೆಲಸದಲ್ಲಿ ಹಳದಿ ಸಾಲು ಬಂತೋ ಅವರ ಕುತ್ತಿಗೆಗೆ ಬೆಂಡು, ಸಂಜೆಯವರೆಗೆ. ರಸ್ತೆಯಾಚೆ ಊಟಕ್ಕೆ ಹೋದರೂ ಅದನ್ನು ತೆಗೆಯುವಂತಿಲ್ಲ. ಹೀಗೆ ಮಾಡಿದರೆ ಜನ ಕೆಲಸ ಕಲಿಯುತ್ತಾರೆ ಎಂದು ಅವನ ಲೆಕ್ಕ. ಜನ ಕಲಿತದ್ದು ಬೇರೆ.

ಆ ಡ್ರೈವರ್ ಕೈಗೆತ್ತಿಕೊಂಡ ಮೊದಲ ದಿನವೇ ಓಡೆರನ ಪರದೆ ಹಳದಿಯಾಯಿತು.

"ಕುತ್ತಿಗೆ ಬಗ್ಗಿಸೋ," ಅಂದ ಒಬುರ, ದಾರ ಹಿಡಿದು. "ನಿನಗೆ ಕಟ್ಟೋಕೆ ನಾನೇನು ಏಣಿ ತರ್ಲಾ?"

ಪಕ್ಕದ ಕುರ್ಚಿಯ ಅಕೆಚ್ ಎಂಬ ಹುಡುಗಿ ಚಪ್ಪಾಳೆ ತಟ್ಟಿದಳು. "ನೋಡ್ರಪ್ಪ, ಮೀನು ತಾನಾಗೇ ಬಲೆಗೆ ಬಂತು! ಜಿರಾಫೆ ಮೀನು!"

ಎಲ್ಲರೂ ನಕ್ಕರು. ಕೊನೆಗೆ ಓಡೆರನೂ ನಕ್ಕ. ಮಧ್ಯಾಹ್ನ ಊಟಕ್ಕೆ ಹೋಗದೆ ನನ್ನ ಒಲೆಯ ಹಿಂದೆ ಗೋಡೆಗೆ ಮುಖ ಮಾಡಿ ಕೂತ. ನಾನು ಮಂದಾಜಿ ಕೊಟ್ಟೆ. ತಿನ್ನುವಾಗ ಬೆಂಡು ಎದೆಗೆ ಬಡಿಯುತ್ತಿತ್ತು.

ಒಂದೊಂದೇ ಸಾಲನ್ನು ಅವನು ಸರಿಮಾಡುತ್ತ ಬಂದ. ಸರಿಹೋಗುವವರೆಗೆ ದಿನಾ ಬೆಂಡು. ಕೊನೆಗೆ ಒಂದು ಸಾಲು ಮಾತ್ರ ಉಳಿಯಿತು. ಅದನ್ನು ಅವನು ಅಕೆಚಳಿಗೆ ವಿವರಿಸಿದ್ದು ಚಹಾದ ಮೇಜಿನ ಬಳಿ, ನನ್ನ ಎದುರಿಗೇ.

"ಕಂಪ್ಯೂಟರೊಳಗೆ ಪ್ರತಿ ಮಾತಿಗೂ ಒಂದು ಮನೆ, ಮನೆಗೊಂದು ನಂಬರು. ಹಳೇದರಲ್ಲಿ ನಂಬರು ಗಿಡ್ಡ. ಹೊಸದರಲ್ಲಿ ಅದರ ಎರಡರಷ್ಟು ಉದ್ದ. ಈ ಡ್ರೈವರು ನಂಬರನ್ನ ಗಿಡ್ಡ ಡಬ್ಬೀಲೇ ತುಂಬ್ತಾ ಇದೆ. ಬಾಲ ಕತ್ತರಿಸಿ ಹೋಗತ್ತೆ ಅಂತ ಕಂಪೈಲರು ಬಡ್ಕೋತಾ ಇದೆ."

"ಓಡಿಸಿ ನೋಡಿದ್ಯಾ?"

"ಇಲ್ಲಿ ಓಡತ್ತೆ. ನಮ್ಮ ಮೆಷಿನ್ನು ಸಣ್ಣದು, ಉದ್ದ ನಂಬರಿನ ಮನೆಗಳೇ ಇಲ್ಲ. ದಡದಲ್ಲಿ ಇಡೋದು ದೊಡ್ಡದು. ಅದು ತುಂಬ್ತಾ ತುಂಬ್ತಾ ಉದ್ದ ನಂಬರಿನ ಮನೆ ಬಂತು ಅಂದ್ರೆ, ಸೈರನ್ನಿಗೆ ಹೇಳಿದ ಮಾತು ಬೇರೆ ಯಾರದೋ ಮನೆಗೆ ಹೋಗಿ ಬೀಳತ್ತೆ."

"ಹಾಗಾದ್ರೆ ಡಬ್ಬಿ ದೊಡ್ಡದು ಮಾಡು."

"ಆ ಡಬ್ಬಿ ಎಲ್ಲೆಲ್ಲೂ ಇದೆ, ಪೂರಾ ಬಿಚ್ಚಿ ಕಟ್ಟಬೇಕು. ಶುಕ್ರವಾರ ಒಪ್ಪಿಸಬೇಕಲ್ಲ."

ಅಕೆಚ್ ಮಂದಾಜಿ ಮುರಿದು ಬಾಯಿಗೆ ಹಾಕಿಕೊಂಡಳು. "ಎಲ್ರೂ ಮಾಡೋದನ್ನ ನೀನೂ ಮಾಡೋ ಪೆದ್ದ. ಅದರ ಮುಂದೆ ಒಂದು ಮಾತು ಬರಿ. ನನಗೆ ಗೊತ್ತು, ಬೇಕಂತಲೇ ತುಂಬ್ತಿದೀನಿ, ನೀನು ಸುಮ್ನಿರು ಅಂತ. ಸುಮ್ನಾಗತ್ತೆ. ಇಲ್ಲಾಂದ್ರೆ ಬೆಂಡು ಹಾಕ್ಕೊಂಡೇ ದಡಕ್ಕೆ ಬಾ, ನಿಮ್ಮಣ್ಣ ಬಲೆಗೆ ಕಟ್ಕೋತಾನೆ."

ಓಡೆರ ಒಬುರನ ಹತ್ತಿರ ಹೋಗಿ ಇನ್ನಷ್ಟು ದಿನ ಕೇಳಿದ್ದೂ ನಿಜ. ಒಬುರ ತಲೆ ಎತ್ತದೆ ಹೇಳಿದ: "ಶುಕ್ರವಾರ ಕೆಲಸ ಕೊಟ್ಟ ದೊಡ್ಡವರು ದಡಕ್ಕೆ ಬರ್ತಾರೆ. ಪರದೆ ಶುಭ್ರ ಇರಬೇಕು. ಹಳದಿ ಕಂಡ್ರೆ ಅವರೆದುರಿಗೇ ಕಟ್ತೀನಿ, ನಿಮ್ಮೂರ ಜನ ನೋಡೋ ಹಾಗೆ."

ಓಡೆರ ಕುರ್ಚಿಗೆ ಮರಳಿದ. ಆಮೇಲೆ ಒಂದೇ ಒಂದು ಮಾತು ಬರೆದ. ಹಳದಿ ಸಾಲು ಹೋಯಿತು. ಒಬುರ ಬಂದು ಪರದೆ ನೋಡಿ ಅವನ ಬೆನ್ನು ತಟ್ಟಿದ.

ಶುಕ್ರವಾರ ದಡದಲ್ಲಿ ಸೈರನ್ ಕೂಗಿದಾಗ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಆಗಷ್ಟೇ ಹಚ್ಚಿದ ಕಂಪ್ಯೂಟರು, ಖಾಲಿ ಮನೆ, ಗಿಡ್ಡ ನಂಬರು. ಕೂಗದೆ ಏನು? ಒಗುಟು ಮೊಣಕಾಲವರೆಗಿನ ನೀರಿನಲ್ಲೇ ಕುಣಿದ.

"ಕೇಳಿದ್ರಾ! ಅದು ನನ್ನ ತಮ್ಮನ ಗಂಟಲು ಕಣ್ರೋ! ಇನ್ನು ಮೋಡ ನೋಡೋನು ಯಾವನು?"

"ಅಣ್ಣ, ಮೋಡಾನೂ ನೋಡು," ಅಂದ ಓಡೆರ.

"ಲೋ ತಮ್ಮ, ನಿನ್ನ ಓದಿಸಿದ್ದು ಮೋಡ ನೋಡೋಕಾ? ಅದು ನಮ್ಮಪ್ಪನಿಗೂ ಬರ್ತಿತ್ತು."

ಎಲ್ಲರೂ ನಕ್ಕರು. ಈ ಸಲ ಓಡೆರ ನಗಲಿಲ್ಲ, ಬಿಸಿಲಿಗೆ ದಣಿದಿದ್ದಾನೆ ಎಂದುಕೊಂಡೆ ನಾನು. ಒಪ್ಪಿಸಿದ ಮೇಲೆ ಡಬ್ಬಿಗಳನ್ನೆಲ್ಲ ಬಿಚ್ಚಿ ಕಟ್ಟಬೇಕೆಂದು ಅವನ ಮನಸ್ಸಿನಲ್ಲಿತ್ತಂತೆ. ಬಿಚ್ಚಿದರೆ ಹಳದಿ ಮತ್ತೆ ಎದ್ದು ಬರುತ್ತದೆ, ಹಳದಿ ಬಂದರೆ ಬೆಂಡು. ನಾಳೆ, ನಾಳಿದ್ದು ಎನ್ನುತ್ತ ಮುಂದೂಡಿದ.

ವರ್ಷದ ದೊಡ್ಡ ಮಳೆಗಾಲ ಶುರುವಾಗಿತ್ತು. ಒಂದು ಮುಂಜಾನೆ ಬಲೆ ಎಳೆಯಲು ದೋಣಿಗಳು ಹೊರಡುವಾಗ ಆಚೆ ಗುಡ್ಡದ ತಲೆ ಕಪ್ಪಾಗಿತ್ತು. ಮುದುಕರು ಹುಟ್ಟು ಕೆಳಗಿಟ್ಟರು. ಅವರಲ್ಲೊಬ್ಬರು ಒಗುಟುವಿನ ದೋಣಿಯ ಅಂಚು ಹಿಡಿದು ಬೇಡಿಕೊಂಡರು, "ಬೇಡ ಮಗ. ಈ ಕಪ್ಪು ಒಳ್ಳೇದಲ್ಲ."

ಒಗುಟು ಸೈರನ್ ಕಂಬದ ಕಡೆ ಗದ್ದ ಎತ್ತಿ ತೋರಿಸಿದ. "ಅದು ಕೂಗಿದ್ಯಾ? ಇಲ್ವಲ್ಲ. ಸಿಟಿಯಿಂದ ಸುದ್ದಿ ಬಂದಿದ್ರೆ ಕೂಗ್ತಿತ್ತು. ನನ್ನ ತಮ್ಮ ನನಗೆ ಸುಳ್ಳು ಹೇಳ್ತಾನಾ?"

ಅಂಚು ಬಿಡಿಸಿಕೊಂಡು ಹೋದ.

ಸುದ್ದಿ ಬಂದಿತ್ತು. ಕಂಪ್ಯೂಟರು ಸೈರನ್ನಿಗೆ ಹೇಳಿಯೂ ಇತ್ತು. ಆದರೆ ಕಂಪ್ಯೂಟರು ಅಷ್ಟರಲ್ಲಿ ತುಂಬಿತ್ತು, ಮಾತು ಬೇರೆ ಯಾರದೋ ಮನೆಗೆ ಹೋಗಿ ಬಿದ್ದಿತ್ತು. ಆ ಗಾಳಿ ನನ್ನ ಕೋಳಿಗೂಡನ್ನು ಹೊತ್ತೊಯ್ದಿತು, ಅವಿನೊಳ ಮನೆಯ ತಗಡು ಸೀಳಿ ಅರ್ಧ ಚಾವಣಿ ತೆರೆಯಿತು. ದೋಣಿ ಮಗುಚಿದ್ದು ಸಿಕ್ಕಿತು. ಒಗುಟು ಸಿಕ್ಕಿದ್ದು ದಡದ ಜೊಂಡಿನಲ್ಲಿ, ತಡವಾಗಿ. ಮುಖ ನೋಡಿ ಗುರುತಿಸುವ ಹಾಗಿರಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಬಟ್ಟೆ ನೋಡಿ ಅವಿನೊ ಗುರುತಿಸಿದಳು.

ಮಣ್ಣು ಮಾಡಿ ಬಂದ ಮರುದಿನವೇ ಓಡೆರ ಆಫೀಸಿಗೆ ಬಂದ. ಕುರ್ಚಿಯಲ್ಲಿ ಕೂತು, ತಾನು ಬರೆದ ಆ ಒಂದು ಮಾತನ್ನು ಅಳಿಸಿದ. ಹಳದಿ ಸಾಲು ಎದ್ದು ನಿಂತಿತು, ಬಿಟ್ಟುಹೋದ ಜಾಗದಲ್ಲೇ. ಅವನು ಒಂದೊಂದೇ ಡಬ್ಬಿ ಬಿಚ್ಚತೊಡಗಿದ.

ಅಷ್ಟರಲ್ಲಿ ಒಬುರ ಬಂದ. ಬಾಗಿಲ ಹಿಂದೆ ಕೈ ಹಾಕಿದ.

"ಸಾರ್, ಇವತ್ತು ಬೇಡ," ಅಂದಳು ಅಕೆಚ್. ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

"ಸಾವಿಗೊಂದು ನಿಯಮ, ಬದುಕಿಗೊಂದು ನಿಯಮ ಇದ್ಯಾ ಇಲ್ಲಿ? ಹಳದಿ ಇದೆ, ಬೆಂಡು ಬೀಳತ್ತೆ." ಒಬುರನ ದನಿ ಏರಲಿಲ್ಲ. ಸೈರನ್ ವಿಚಾರ ಅವನು ಎತ್ತಲೂ ಇಲ್ಲ. ಮಿಂಚಿಗೆ ತಂತಿ ಸುಟ್ಟಿತೆಂದು ದೊಡ್ಡವರಿಗೆ ಆಗಲೇ ಹೇಳಿ ಮುಗಿಸಿದ್ದ.

ಓಡೆರ ತಾನಾಗಿಯೇ ಕುತ್ತಿಗೆ ಬಗ್ಗಿಸಿದ.

ಮಧ್ಯಾಹ್ನ ಅವಿನೊ ಬಂದಳು, ಬಟ್ಟಲಲ್ಲಿ ಜೋಳದ ಹಿಟ್ಟಿನ ಮುದ್ದೆ ಉಗಾಲಿ, ಮೇಲೆ ಒಣಮೀನಿನ ಸಾರು. ಶೋಕದ ಬಟ್ಟೆಯಲ್ಲೇ ಇದ್ದಳು. ಮೈದುನ ಉಣ್ಣದೆ ಇರುತ್ತಾನೆಂದು ನಡೆದೇ ಬಂದಿದ್ದಳು. ನನ್ನ ಒಲೆಯ ಹಿಂದೆ ಅವನನ್ನು ಕೂರಿಸಿ ಬಟ್ಟಲು ಕೈಗಿಟ್ಟಳು. ಕುತ್ತಿಗೆಯ ಬೆಂಡು ನೋಡಿದಳು.

"ಇದ್ಯಾಕೆ?"

"ಕಂಪೈಲರು ಎಚ್ಚರಿಕೆ ಕೊಟ್ರೆ ಇದನ್ನ ಹಾಕ್ತಾರೆ ಅತ್ತಿಗೆ."

"ಏನಂತ ಎಚ್ಚರಿಕೆ?"

"ಸೈರನ್ ಕೂಗಲ್ಲ ಅಂತ." ಅವನು ಬಟ್ಟಲನ್ನೇ ನೋಡುತ್ತಿದ್ದ. "ಅವತ್ತೇ ಕೊಟ್ಟಿತ್ತು, ಶುಕ್ರವಾರಕ್ಕೂ ಮುಂಚೆ. ನಾನೇ ಅದರ ಬಾಯಿ ಮುಚ್ಚಿಸಿದೆ. ಇದನ್ನ ಕಟ್ಕೊಂಡು ಅಣ್ಣನ ಮುಂದೆ ನಿಲ್ಲೋಕೆ ನಾಚಿಕೆ ಆಯ್ತು."

ಅವಿನೊ ಕೂಗಲಿಲ್ಲ. ಬಟ್ಟಲು ಕಿತ್ತುಕೊಳ್ಳಲೂ ಇಲ್ಲ.

"ಉಣ್ಣು," ಅಂದಳು.

"ಅತ್ತಿಗೆ..."

"ಉಣ್ಣು ಅಂದೆ. ನಿಮ್ಮಣ್ಣ ನಿನ್ನನ್ನ ಹಸಿದು ಮಲಗೋಕೆ ಬಿಟ್ಟಿದ್ನಾ?"

ಅವನು ಉಂಡ. ಅವಳು ಕೊನೆಯ ತುತ್ತಿನವರೆಗೂ ಎದುರಿಗೇ ನಿಂತಿದ್ದಳು. ಅವನು ಮುಳ್ಳು ಬದಿಗಿಟ್ಟರೆ ಅದರಲ್ಲಿ ಉಳಿದ ಮಾಂಸವನ್ನು ಬೆರಳಿನಿಂದ ತೋರಿಸಿ ತಿನ್ನಿಸಿದಳು. ಬಟ್ಟಲು ಬರಿದಾದ ಮೇಲೆ ಅದನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಹೋಗುವ ಮುಂಚೆ ಹೇಳಿದಳು:

"ನನ್ನ ಮನೆ ಚಾವಣಿಗೆ ನೀನು ಕೈ ಹಾಕಕೂಡದು."

ಅದನ್ನು ಕೇಳಿ ನನ್ನ ಕೈಯ ಸೌಟು ನಿಂತಿತು. ನಮ್ಮಲ್ಲಿ ವಿಧವೆಯ ಮನೆಯ ಚಾವಣಿಗೆ ಏಣಿ ಹಾಕುವ ಹಕ್ಕು ಗಂಡನ ಸೋದರನಿಗೆ. ಅವನು ಇರುವಾಗ ಕೂಲಿಯವನೂ ಹತ್ತುವುದಿಲ್ಲ, ನೆರೆಯವನೂ ಹತ್ತುವುದಿಲ್ಲ. ಒಗುಟುವಿಗೆ ಇದ್ದ ತಮ್ಮ ಇವನೊಬ್ಬನೇ.

ಡ್ರೈವರನ್ನು ಓಡೆರ ಪೂರಾ ಬಿಚ್ಚಿ ಕಟ್ಟಿದ. ಹಳದಿ ಸಾಲು ತಾನಾಗಿ ಹೋಯಿತು, ಈ ಸಲ ನಿಜವಾಗಿ. ಸೈರನ್ ಈಗ ಪ್ರತಿ ಗಾಳಿಗೂ ಕೂಗುತ್ತದೆ. ಒಬುರ ಬೆಂಡನ್ನು ಮೊಳೆಗೆ ಸಿಕ್ಕಿಸಿದ. ಮುಂದಿನ ವಾರ ಅದು ಅಕೆಚಳ ಕುತ್ತಿಗೆಯಲ್ಲಿತ್ತು. ಹೊಸದಾಗಿ ಸೇರಿದವರಿಗೆ ಒಬುರ ಓಡೆರನ ಪರದೆಯನ್ನೇ ತೋರಿಸುತ್ತಾನೆ: ಕೆಲಸ ಅಂದರೆ ಹೀಗೆ ಶುಭ್ರವಾಗಿರಬೇಕು ಎಂದು.

ಪ್ರತಿ ಭಾನುವಾರ ಓಡೆರ ಹೊಸ ತಗಡು, ಮೊಳೆ, ಸುತ್ತಿಗೆ ಹೊತ್ತು ದಡಕ್ಕೆ ಬರುತ್ತಾನೆ. ಅವಿನೊಳ ಬೇಲಿಯ ಹೊರಗೆ, ತಗಡನ್ನು ಕಾಲಿನ ಮೇಲಿಟ್ಟುಕೊಂಡು ಕೂರುತ್ತಾನೆ. ಅವಳು ಹೊತ್ತಿಗೆ ಸರಿಯಾಗಿ ಊಟ ತಂದು ಬೇಲಿಯ ಮೇಲಿಂದ ಕೊಡುತ್ತಾಳೆ, ಉಂಡು ಮುಗಿಯುವವರೆಗೆ ನಿಂತಿರುತ್ತಾಳೆ. ಏಣಿಯ ಮಾತು ಅವನೂ ಎತ್ತುವುದಿಲ್ಲ, ಅವಳೂ ಎತ್ತುವುದಿಲ್ಲ. ಮಳೆ ಬಂದರೆ ಅವಳು ಒಳಗೆ ಹೋಗಿ ಸೋರುವ ಕಡೆಗಳಿಗೆ ಪಾತ್ರೆ ಇಡುತ್ತಾಳೆ. ಪಾತ್ರೆಗೆ ಹನಿ ಬೀಳುವ ಸದ್ದು ನನ್ನ ಮನೆಗೆ ಕೇಳಿಸುತ್ತದೆ. ಬೇಲಿಯ ಹೊರಗೆ ಕೂತವನಿಗೆ ಇನ್ನೂ ಚೆನ್ನಾಗಿ ಕೇಳಿಸುತ್ತಿರಬೇಕು. ಅವನು ಎದ್ದು ಹೋಗುವುದಿಲ್ಲ.